ನಾಲ್ಕನೆಯ ಅಂಚು

ಅಣ್ಣನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಚಿಕ್ಕವನಿದ್ದಾಗ ಅಪ್ಪನ ಉಳಿ ಜಾರಿ ಆದ ಗಾಯ. ಉಗುರು ಮತ್ತೆ ಬೆಳೆದಾಗ ಎರಡು ಹೋಳಾಗಿಯೇ ಬೆಳೆಯಿತು. ಆ ಸೀಳನ್ನೇ ಅವನು ಉಪಕರಣ ಮಾಡಿಕೊಂಡಿದ್ದ. ಚೌಕಟ್ಟಿನ ನಾಲ್ಕು ಮೂಲೆ ಕೂಡಿಸಿದ ಮೇಲೆ ಹೆಬ್ಬೆರಳನ್ನು ಜೋಡಣೆಯ ಗೆರೆಯ ಮೇಲೆ ಮೆಲ್ಲಗೆ ಎಳೆಯುತ್ತಿದ್ದ. ಉಗುರು ಕೂದಲೆಳೆಯಷ್ಟು ತಡೆದರೂ ಸಾಕು, ಆ ಮೂಲೆಯನ್ನು ಬಿಚ್ಚಿ ಮತ್ತೆ ಕೂಡಿಸುವುದೇ. ನಮ್ಮ ಕಣ್ಣಿಗೆ ಕಾಣದ ಸಂದು ಅವನ ಉಗುರಿಗೆ ಸಿಗುತ್ತಿತ್ತು. ಸುಳ್ಳು ಹೇಳುವವರ ಮುಖದ ಮೇಲೂ ಅವನು ಕಣ್ಣನ್ನು ಹಾಗೆಯೇ ಎಳೆಯುತ್ತಿದ್ದ. ಇದು ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಒಂದು ಸಲ ಆ ಮುಖ ನನ್ನದಾಗಿತ್ತು.

ಮಸ್ಕತ್ತಿನ ಹಮ್ರಿಯಾದಲ್ಲಿ ನಮ್ಮದು ಚಿತ್ರಗಳಿಗೆ ಚೌಕಟ್ಟು ಹಾಕುವ ಅಂಗಡಿ. ಅಗಲ ಕಡಿಮೆ, ಉದ್ದ ಹೆಚ್ಚು. ಎಂಟಡಿಯ ಮರದ ಪಟ್ಟಿಯನ್ನು ತಿರುಗಿಸಬೇಕಾದರೆ ಬಾಗಿಲಾಚೆ ಬಂದು ತಿರುಗಿಸಬೇಕು. ಎಡಕ್ಕೆ ಬಂಟ್ವಾಳದ ಬ್ಯಾರಿ ದರ್ಜಿಯ ಅಂಗಡಿ, ಬಲಕ್ಕೆ ಮಲಯಾಳಿಯ ಚಹಾದಂಗಡಿ. ಅಪ್ಪ ಕಾರ್ಕಳದ ಕಡೆ ಬಾಗಿಲು, ಮಂಚ ಮಾಡುತ್ತಿದ್ದ ಆಚಾರಿ. ಅಣ್ಣ ಅದೇ ಕೈಯನ್ನು ಸಮುದ್ರ ದಾಟಿಸಿ ತಂದು ಇಲ್ಲಿ ಸಣ್ಣ ಕೆಲಸಕ್ಕೆ ಪಳಗಿಸಿದ.

ಯಾವ ಗಿರಾಕಿ ಬಂದರೂ ಅವನು ಎರಡು ಪ್ರಶ್ನೆ ಕೇಳುತ್ತಿದ್ದ. ಮೇಲು ಯಾವುದು? ಮುಗಿಯುವುದು ಎಲ್ಲಿ? ಹಿಂದಿಯವರಿಗೆ ಹಿಂದಿಯಲ್ಲಿ, ಅರಬಿಯವರಿಗೆ ಅರಬಿಯಲ್ಲಿ, ಉಳಿದವರಿಗೆ ಕೈಸನ್ನೆಯಲ್ಲಿ. ಒಮ್ಮೆ ಬಾಂಗ್ಲಾದೇಶದ ಕೂಲಿಯೊಬ್ಬ ಮಗಳ ಫೋಟೋ ತಂದಿದ್ದ. ಎರಡು ಜಡೆ ಹಾಕಿಕೊಂಡ ಮಗು ನೆಟ್ಟಗೆ ನಿಂತಿದೆ. ಅದಕ್ಕೂ ಅಣ್ಣ ಮೇಲು ಯಾವುದು ಎಂದು ಕೇಳಿದ. ಅವನು ಹೋದ ಮೇಲೆ ನಾನು ಚೇಷ್ಟೆ ಮಾಡಿದೆ, ಮಗು ತಲೆಕೆಳಗಾಗಿ ನಿಲ್ಲುವ ಜಾತಿಯದ್ದೋ ಏನೋ ಎಂದೆ. ಅಣ್ಣ ನಗಲಿಲ್ಲ. "ನಮಗೆ ಕಾಣುವುದು ಮಗು. ಅವನು ಮಗುವಿನ ಹಿಂದೆ ಇರುವ ಮನೆ ನೋಡ್ತಾ ಇದ್ದ, ನೀನು ನೋಡ್ಲಿಲ್ವಾ? ಮನೆಯ ಮಾಡು ಫ್ರೇಮಿನ ಅಡಿಗೆ ಹೋಗ್ಬಾರ್ದು ಅಂತ ಹೇಳಿದ" ಎಂದ. ನಾನು ನಿಜಕ್ಕೂ ನೋಡಿರಲಿಲ್ಲ.

ಇನ್ನೊಂದು ನಿಯಮವಿತ್ತು. ಗಿರಾಕಿಯ ವಸ್ತುವಿನಿಂದ ಬೆರಳಗಲ ಕತ್ತರಿಸಿದರೂ ಆ ತುಂಡನ್ನು ಎಸೆಯುವಂತಿಲ್ಲ. ಲಕೋಟೆಗೆ ಹಾಕಿ ಚೌಕಟ್ಟಿನ ಹಿಂಬದಿಗೆ ಅಂಟಿಸಬೇಕು. "ಕತ್ತರಿಸ್ಲಿಕ್ಕೆ ಹೇಳಿದ್ದಾರೆ, ಎಸಿಲಿಕ್ಕೆ ಹೇಳ್ಲಿಲ್ಲ" ಎನ್ನುತ್ತಿದ್ದ. ಹಳೆಯ ಮದುವೆಯ ಫೋಟೋದ ಹರಕು ಮೂಲೆ, ಕುರಾನಿನ ಸಾಲು ಬರೆದ ರೇಷ್ಮೆ ಬಟ್ಟೆಯ ನೂಲು, ಎಲ್ಲವೂ ಲಕೋಟೆಯಲ್ಲಿ ಗಿರಾಕಿಯ ಮನೆಗೆ ಹೋಗುತ್ತಿದ್ದವು.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಬಿಡಿಸಿದವರು ಯಾರೂ ಇಲ್ಲ, ನಾನೇ ಬಿಟ್ಟದ್ದು. ಊರಲ್ಲಿ ಏನೂ ಹತ್ತದೆ ಇದ್ದಾಗ ಅಣ್ಣ ಕಫೀಲನ, ಎಂದರೆ ಅಂಗಡಿಯ ಪರವಾನಗಿ ಯಾರ ಹೆಸರಿನಲ್ಲಿದೆಯೋ ಆ ಅರಬಿಯವನ, ಕೈಕಾಲು ಹಿಡಿದು ನನಗೆ ವೀಸಾ ಮಾಡಿಸಿದ. ಹನ್ನೆರಡು ವರ್ಷ ನಾನು ಗಾಜು ಕತ್ತರಿಸಿದೆ, ಹಿಂಬದಿಯ ಹಲಗೆ ಕೊಯ್ದೆ, ಫೋಟೋಗಳಿಗೆ ಚೌಕಟ್ಟು ಹಾಕಿದೆ. ಗಾಜಿನಲ್ಲಿ ನನ್ನ ಕೈ ಅಣ್ಣನಿಗಿಂತ ಚೆನ್ನಾಗಿತ್ತು, ಇದನ್ನು ಅವನೂ ಒಪ್ಪುತ್ತಿದ್ದ. ಆದರೆ ಕೈಯಿಂದ ಬರೆದ ಚಿತ್ರದ ಬಟ್ಟೆಯನ್ನು ಮಾತ್ರ ನನಗೆ ಕೊಡುತ್ತಿರಲಿಲ್ಲ. ಬಟ್ಟೆಯ ಮುಂದೆ ನಿನ್ನ ಕೈ ಅವಸರ ಮಾಡುತ್ತದೆ ಎನ್ನುತ್ತಿದ್ದ. ನಲವತ್ತರ ಹತ್ತಿರ ಬಂದ ಗಂಡಸಿಗೆ ಈ ಮಾತು ಎಷ್ಟು ಚುಚ್ಚುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೇ ಹೇಳುತ್ತಿದ್ದನೋ ಏನೋ.

ಆ ಚಿತ್ರವನ್ನು ತಂದವರು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಒಬ್ಬ ಟೀಚರ್. ಕಂದು ಬಣ್ಣ, ಗುಂಗುರು ಕೂದಲು. ಮೊದಲ ಸಲ ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಲು ಬಂದಾಗ ತಾನು ಆಸ್ಟ್ರೇಲಿಯಾದವಳು ಎಂದರು. ಪಕ್ಕದ ದರ್ಜಿ ಅಲ್ಲೇ ಇದ್ದ, ಅವನಿಗೆ ನಂಬಿಕೆಯಾಗಲಿಲ್ಲ. ಆಸ್ಟ್ರೇಲಿಯಾದವರು ಬಿಳಿ ಅಲ್ಲವಾ ಎಂದು ಮುಖಕ್ಕೇ ಕೇಳಿದ. ಟೀಚರ್ ನಕ್ಕು, "ನಾವು ಅವರಿಗಿಂತ ತುಂಬಾ ಮೊದಲು ಬಂದವರು" ಎಂದರು. ಅಲ್ಲಿನ ಮೂಲನಿವಾಸಿಗಳು ಅವರು. ಅಣ್ಣನನ್ನು ಅಂಕಲ್ ಎಂದು ಕರೆಯುತ್ತಿದ್ದರು. ತಮ್ಮ ಜನರಲ್ಲಿ ಹಿರಿಯರನ್ನು ಹಾಗೆಯೇ ಕರೆಯುವುದು ಎಂದರಂತೆ. ನಮ್ಮಲ್ಲಿಯೂ ಹಾಗೆಯೇ ಎಂದು ಅಣ್ಣನಿಗೆ ಬಹಳ ಖುಷಿಯಾಗಿತ್ತು.

ಅದಾಗಿ ಸ್ವಲ್ಪ ಕಾಲದಲ್ಲೇ ಅವರ ದೇಶದ ಕಾಡುಗಳಿಗೆ ದೊಡ್ಡ ಬೆಂಕಿ ಬಿತ್ತು. ಚಹಾದಂಗಡಿಯ ಟಿವಿಯಲ್ಲಿ ನಾವೂ ನೋಡಿದ್ದೆವು, ಕೆಂಪು ಆಕಾಶ, ರಸ್ತೆಗೆ ಓಡಿ ಬಂದ ಪ್ರಾಣಿಗಳು. ಮುಂದೆ ಒಂದು ವರ್ಷವೋ ಹೆಚ್ಚೋ ಕಳೆದು ಟೀಚರ್ ಉದ್ದನೆಯ ರಟ್ಟಿನ ಕೊಳವೆ ಹಿಡಿದು ಬಂದರು. ಒಳಗೆ ಸುತ್ತಿಟ್ಟ ಬಟ್ಟೆ, ಅವರ ದೊಡ್ಡಮ್ಮ ಬರೆದ ಚಿತ್ರ. ಮೇಜಿನ ಮೇಲೆ ಹರಡಿದರೆ ಕಪ್ಪು, ಇಟ್ಟಿಗೆ ಕೆಂಪು, ಹಳದಿ ಚುಕ್ಕೆಗಳ ರಾಶಿ. ಬೆಂಕಿಯೇ ಎದ್ದು ಹರಿಯುವ ಹಾಗೆ ಚುಕ್ಕೆಗಳು ನಡುವಿನಿಂದ ಹೊರಗೆ ಸುತ್ತಿಕೊಂಡಿದ್ದವು. ಪ್ರಾಣಿಯ ಚಿತ್ರ ಒಂದೂ ಇರಲಿಲ್ಲ.

ಅಣ್ಣ ಅವರನ್ನು ಕೂರಿಸಿ ತನ್ನ ಎರಡು ಪ್ರಶ್ನೆ ಕೇಳಿದ. ಉತ್ತರ ಒಂದು ಗಂಟೆ ನಡೆಯಿತು. ನಾನು ಇನ್ನೊಬ್ಬ ಗಿರಾಕಿಗೆ ಕನ್ನಡಿ ಅಳೆಯುತ್ತಿದ್ದೆ, ಅರ್ಧ ಕೇಳಿದೆ, ಅರ್ಧ ಬಿಟ್ಟೆ. ಅಣ್ಣ ತನ್ನ ಮುರುಕು ಇಂಗ್ಲಿಷಿನಲ್ಲಿ ನಮ್ಮ ಮನೆಯ ಹಿಂದಿನ ಗುಡ್ಡೆಗೆ ಬೆಂಕಿ ಬಿದ್ದ ಕತೆ ಹೇಳಿದ್ದು ಮಾತ್ರ ಪೂರ್ತಿ ಕಿವಿಗೆ ಬಿತ್ತು. ಅಂದು ಮೊಲಗಳು ನಮ್ಮ ಅಂಗಳಕ್ಕೆ ಓಡಿ ಬಂದಿದ್ದವು. ನಾನು ಹಿಡಿಯಲು ಬುಟ್ಟಿ ತಂದೆ. ಅಣ್ಣ ಬುಟ್ಟಿ ಕಿತ್ತುಕೊಂಡು ಬೇಲಿಯ ಬಾಗಿಲು ತೆರೆದಿಟ್ಟ. ಬುಟ್ಟಿಯ ವಿಷಯವನ್ನು ಅವನು ಟೀಚರಿಗೆ ಹೇಳಲಿಲ್ಲ.

ಅದೇ ವಾರ ಅಣ್ಣ ಒಮಾನಿನ ದಕ್ಷಿಣ ತುದಿಯ ಸಲಾಲಾಕ್ಕೆ ಹೋಗಬೇಕಾಯಿತು. ಅಲ್ಲಿ ಹೊಸ ಹೋಟೆಲೊಂದರ ಗೋಡೆಗಳಿಗೆಲ್ಲ ಚೌಕಟ್ಟು, ಹತ್ತು ದಿನದ ಕೆಲಸ. ಹೊರಡುವಾಗ, "ಟೀಚರ್‌ದು ಬಟ್ಟೆ ನಾನು ಬಂದ ಮೇಲೆ. ಗಡಿಬಿಡಿ ಇಲ್ಲ ಅಂತ ಹೇಳಿದ್ದಾರೆ. ನೀನು ಅದನ್ನು ಬಿಚ್ಚುವುದೂ ಬೇಡ ಆಯ್ತಾ" ಎಂದ. ಆಯ್ತು ಎಂದೆ. ಮೂರನೆಯ ದಿನ ಬಿಚ್ಚಿದೆ.

ನನಗೆ ಬೇಕಾದದ್ದು ಒಂದೇ. ಅಣ್ಣ ಬರುವಷ್ಟರಲ್ಲಿ ಚಿತ್ರ ಚೌಕಟ್ಟಿನಲ್ಲಿ ಗೋಡೆಯ ಮೇಲೆ ಇರಬೇಕು, ಅವನು ಉಗುರು ಎಳೆದು ನೋಡಬೇಕು, ಎಲ್ಲೂ ತಡೆಯಬಾರದು. ಯಾರೋ ಮಾಡಿಸಿ ಒಯ್ಯದೆ ಬಿಟ್ಟ ಚಿನ್ನದ ಬಣ್ಣದ ಒಳ್ಳೆಯ ಚೌಕಟ್ಟು ಮೂಲೆಯಲ್ಲಿತ್ತು. ಇಟ್ಟು ನೋಡಿದರೆ ಬಟ್ಟೆ ನಾಲ್ಕು ಕಡೆಯೂ ಎರಡೆರಡು ಬೆರಳು ಹೆಚ್ಚು. ಆ ಹೆಚ್ಚಿನ ಅಂಚಿನಲ್ಲಿ ಚುಕ್ಕೆಗಳಿರಲಿಲ್ಲ. ಬೂದು ಬಣ್ಣದ ಸಣ್ಣ ಸಣ್ಣ ಗುರುತುಗಳು, ಅಲ್ಲೊಂದು ಇಲ್ಲೊಂದು, ಹೊರಗಡೆಗೆ ಒರಸಿದ ಹಾಗೆ. ಚಿತ್ರ ಬರೆಯುವವರು ಬಟ್ಟೆಯ ಅಂಚಿಗೆ ಬ್ರಶ್ ಒರಸುತ್ತಾರೆ. ನಮ್ಮ ಅಂಗಡಿಗೆ ಬರುವ ಹತ್ತು ಬಟ್ಟೆಗಳಲ್ಲಿ ಎಂಟರ ಅಂಚು ಹಾಗೆಯೇ ಇರುತ್ತದೆ, ಅದು ಪಟ್ಟಿಯ ಹಿಂದೆ ಮಡಚಿ ಹೋಗುತ್ತದೆ ಅಥವಾ ಕತ್ತರಿಗೆ ಹೋಗುತ್ತದೆ. ಇದೂ ಹಾಗೆಯೇ ಎಂದುಕೊಂಡೆ. ಸ್ಟೀಲ್ ಪಟ್ಟಿ ಇಟ್ಟು ನಾಲ್ಕು ಕಡೆಯೂ ಕೊಯ್ದೆ. ಕೊಯ್ತ ಬಹಳ ಚೆನ್ನಾಗಿ ಬಂತು. ಕೊಳೆಯನ್ನು ಯಾರಾದರೂ ಲಕೋಟೆಯಲ್ಲಿ ಇಡುತ್ತಾರೆಯೇ ಎಂದು ಮೂರು ತುಂಡುಗಳನ್ನು ಮರದ ಪುಡಿಯ ಗೋಣಿಗೆ ಹಾಕಿದೆ. ನಾಲ್ಕನೆಯದು ಕೈಗೆ ಹತ್ತಿರವಿತ್ತು, ಚೌಕಟ್ಟಿಗೆ ಪಾಲಿಶ್ ಉಜ್ಜಲು ಅದನ್ನೇ ಬಳಸಿ ಡಬ್ಬದ ಮೇಲೆ ಇಟ್ಟೆ.

ಅಣ್ಣ ಬೆಳಿಗ್ಗೆ ಬಸ್ಸಿಳಿದು ಸೀದಾ ಅಂಗಡಿಗೆ ಬಂದ. ಕೈಯಲ್ಲಿ ಸಲಾಲಾದ ಎಳನೀರಿನ ಚೀಲ. ಗೋಡೆ ನೋಡಿ ನಿಂತ. ಚೀಲ ಕೆಳಗಿಡಲಿಲ್ಲ.

"ಅಂಚು ಎಲ್ಲಿ?" ಎಂದ.

"ಇದ್ದದ್ದೇ ಅಷ್ಟು" ಎಂದೆ.

ಯಾಕೆ ಹಾಗೆ ಹೇಳಿದೆ ಎಂದು ಇವತ್ತಿಗೂ ಹುಡುಕುತ್ತೇನೆ. ಕತ್ತರಿಸಿದೆ, ಎಸೆದೆ ಎಂದಿದ್ದರೆ ಬೈಯುತ್ತಿದ್ದ, ಅಷ್ಟೇ. ಅವನ ಮುಖದಲ್ಲಿ ಕಂಡದ್ದು ಸಿಟ್ಟಲ್ಲ, ಗಾಬರಿ. ಆ ಗಾಬರಿ ನನ್ನ ಬಾಯಿಗೆ ಸುಳ್ಳು ತಂದಿತು.

ಅವನು ಚಿತ್ರವನ್ನು ಇಳಿಸಿ ಹಿಂಬದಿಯಿಂದ ಬಟ್ಟೆಯ ಕೊನೆಯ ಮೇಲೆ ಹೆಬ್ಬೆರಳು ಎಳೆದ. ಹೊಸದಾಗಿ ಕೊಯ್ದ ಬಟ್ಟೆಯ ನೂಲು ಉಗುರಿನ ಸೀಳಿಗೆ ಸಿಕ್ಕಿಕೊಂಡಿತು. ಆಮೇಲೆ ನನ್ನ ಮುಖ ನೋಡಿದ. ನೆಲದ ಮೇಲೆ ಕೂತು ಗೋಣಿಯ ಪುಡಿಯನ್ನೆಲ್ಲ ಹಳೆಯ ಪೇಪರಿನ ಮೇಲೆ ಸುರಿದು ಬೆರಳಿನಲ್ಲಿ ಜಾಲಾಡಿದ. ಮೂರು ತುಂಡು ಸಿಕ್ಕಿದವು, ಒಂದೊಂದನ್ನೂ ಊದಿ ಪಕ್ಕಕ್ಕಿಟ್ಟ. ನಾಲ್ಕನೆಯದನ್ನು ಪಾಲಿಶ್ ಡಬ್ಬದ ಮೇಲೆ ನೋಡಿದ. ಎತ್ತಿ ಬೆಳಕಿಗೆ ಹಿಡಿದ. ಕಂದು ಬಣ್ಣ ಬಿಟ್ಟರೆ ಏನೂ ಕಾಣಲಿಲ್ಲ. ಎದ್ದು ಚಹಾದಂಗಡಿಗೆ ಹೋಗಿ ಬಂದು, "ಟೀಚರ್‌ಗೆ ಫೋನ್ ಮಾಡು, ನಾಡಿದ್ದು ಬರ್ಲಿಕ್ಕೆ ಹೇಳು" ಎಂದ.

ನಾಳೆ ಎನ್ನಬಹುದಿತ್ತು, ಇವತ್ತೇ ಎನ್ನಬಹುದಿತ್ತು. ಆ ಎರಡು ದಿನ ನಾನೇ ಬಾಯಿ ಬಿಡಲಿ ಎಂದು ಇಟ್ಟದ್ದೆಂದು ನನಗೆ ಆಗಲೇ ಗೊತ್ತಿತ್ತು. ಎರಡು ದಿನವೂ ನಾನು ಗಾಜು ಕತ್ತರಿಸಿದೆ.

ಟೀಚರ್ ಬಂದರು. ಅಣ್ಣ ಚಿತ್ರವನ್ನೂ ನಾಲ್ಕು ತುಂಡುಗಳನ್ನೂ ಮೇಜಿನ ಮೇಲೆ ಇಟ್ಟು ಎದ್ದು ನಿಂತ. "ನಾನು ಕತ್ತರಿಸಿದೆ. ನನ್ನ ಕೈ, ನನ್ನ ತಪ್ಪು" ಎಂದ. ಆ ನಾಲ್ಕು ಮಾತಿನ ಇಂಗ್ಲಿಷನ್ನು ಅವನು ಬೆಳಿಗ್ಗೆಯಿಂದ ಬಾಯಿಪಾಠ ಮಾಡಿದ್ದನ್ನು ನಾನು ಕೇಳಿದ್ದೆ. ನಾನು ಎರಡು ಮಾರು ದೂರದಲ್ಲಿ, ಕೈಯಲ್ಲಿ ಗಾಜು ಕೊಯ್ಯುವ ಕಟರ್ ಹಿಡಿದು ನಿಂತಿದ್ದೆ.

ಟೀಚರ್ ತುಂಡುಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಆಮೇಲೆ ನನಗೂ ಕೇಳುವ ಹಾಗೆ ಹೇಳಿದರು. ಬೆಂಕಿ ಆರಿದ ಮೇಲೆ ದೊಡ್ಡಮ್ಮ ತಮ್ಮ ಗುಡ್ಡಕ್ಕೆ ಹತ್ತಿ ಹೋದರಂತೆ. ಎಷ್ಟೋ ಸಲ ಹೋದರಂತೆ. ಬೂದಿಯ ಮೇಲೆ ಹೆಜ್ಜೆ ಚೆನ್ನಾಗಿ ಮೂಡುತ್ತದೆ. ಮಗುವಾಗಿದ್ದಾಗಿನಿಂದ ನೋಡಿದ ಯಾವ ಯಾವ ಪ್ರಾಣಿಯ ಹೆಜ್ಜೆ ಈಗ ಕಾಣಲಿಲ್ಲವೋ ಅದನ್ನು ನೆನಪಿಟ್ಟುಕೊಂಡು ಬಂದು, ಅದೇ ಗುಡ್ಡದ ಬೂದಿಯನ್ನು ಬಣ್ಣಕ್ಕೆ ಕಲಸಿ, ಒಂದೊಂದಕ್ಕೂ ಒಂದು ಸಾಲು ಹೆಜ್ಜೆ ಬರೆದರಂತೆ. ಅವು ಚಿತ್ರದಿಂದ ಹೊರಗೆ ಹೋಗಿಬಿಟ್ಟವು, ಅದಕ್ಕೇ ಅಂಚಿನಲ್ಲಿ. ನಡುವೆ ಇರುವುದು ಬೆಂಕಿ, ಅಳು ಇರುವುದು ಅಂಚಿನಲ್ಲಿ ಎಂದರು ಟೀಚರ್. ಪಾಲಿಶ್ ಹತ್ತಿದ ತುಂಡಿನ ಮೇಲೆ ಬೆರಳಿಟ್ಟು, ಇದರಲ್ಲಿ ಒಂದು ಸಣ್ಣ ಪ್ರಾಣಿ ಇತ್ತು, ಮೊಲದಷ್ಟೇ ದೊಡ್ಡದು, ಎರಡು ಕಾಲಿನಲ್ಲಿ ಕುಪ್ಪಳಿಸುವಂಥದ್ದು, ದೊಡ್ಡಮ್ಮನಿಗೆ ಎಲ್ಲಕ್ಕಿಂತ ಅದರ ಮೇಲೆ ಪ್ರೀತಿ ಎಂದರು. ಆಮೇಲೆ ಎದ್ದು ಹೊರಗೆ ಹೋಗಿ ದರ್ಜಿಯ ಅಂಗಡಿಯ ಮುಂದೆ ಬಿಸಿಲಿನಲ್ಲಿ ನಿಂತರು.

ನಾನು ಆಗ ಹೋಗಿ ಹೇಳಬಹುದಿತ್ತು. ಹತ್ತು ಹೆಜ್ಜೆ.

ಅವರು ಒಳಗೆ ಬಂದಾಗ ಅಣ್ಣ ಕಾಗದದ ಮೇಲೆ ಗೆರೆ ಹಾಕಿ ತೋರಿಸಿದ. ಆಳವಾದ ಪೆಟ್ಟಿಗೆಯಂಥ ಚೌಕಟ್ಟು, ಚಿತ್ರ ನಡುವೆ, ಮೂರು ತುಂಡುಗಳು ತಮ್ಮ ತಮ್ಮ ಕಡೆ, ಆದರೆ ಅಂಟಿಸದೆ, ಬೆರಳಗಲ ಸಂದು ಬಿಟ್ಟು. ಕತ್ತರಿಸಿದ್ದು ಕತ್ತರಿಸಿದ ಹಾಗೆಯೇ ಕಾಣಲಿ ಎಂದ. ಕೆಳಗಿನ ಕಡೆ, ನಾಲ್ಕನೆಯ ಅಂಚು ಇರಬೇಕಾದಲ್ಲಿ, ಬರೀ ಮರ. ಖಾಲಿ ಬಿಡಲೇ ಎಂದು ಕೇಳಿದ. ಟೀಚರ್ ಹೌದೆಂದು ತಲೆಯಾಡಿಸಿದರು.

ಹನ್ನೊಂದು ದಿನ ಅವನು ಬೇರೆ ಕೆಲಸ ಮುಟ್ಟಲಿಲ್ಲ. ಸಂದು ಬಾರದ ಹಾಗೆ ಜೋಡಿಸುವುದೇ ಅವನ ಜೀವಮಾನದ ವಿದ್ಯೆ. ಈಗ ಸಂದನ್ನು ಸರಿಯಾಗಿ ಬಿಡಲು ಕಲಿತ. ಪಾಲಿಶ್ ಹತ್ತಿದ ತುಂಡನ್ನು ತನ್ನ ನಿಯಮದಂತೆ ಲಕೋಟೆಗೆ ಹಾಕಿ ಹಿಂಬದಿಗೆ ಅಂಟಿಸಿದ. ಆ ಚೌಕಟ್ಟು ಅವನ ಕೈಯ ಅತಿ ಚೆಂದದ ಕೆಲಸ. ಮಸ್ಕತ್ತಿನಲ್ಲಿ ಅಂಥದ್ದು ಇನ್ನೊಂದಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಆ ವಿಷಯವನ್ನು ಅಣ್ಣ ಮತ್ತೆ ಎತ್ತಿದ್ದು ಒಂದೇ ಸಲ. ಒಂದು ಶುಕ್ರವಾರ ಮಧ್ಯಾಹ್ನ ರೂಮಿನಲ್ಲಿ ಮೀನು ಹುರಿಯುತ್ತಿದ್ದ. ಕಾವಲಿ ನೋಡುತ್ತಲೇ, "ನೀನು ಟೀಚರ್ ಹತ್ರ ಹೇಳ್ತಿ ಅಂತ ನನಗೆ ಗೊತ್ತುಂಟು. ಯಾವಾಗ ಅಂತ ಮಾತ್ರ ಗೊತ್ತಿಲ್ಲ" ಎಂದ. ಅವನು ದೊಡ್ಡ ತುಂಡನ್ನು ನನ್ನ ಬಟ್ಟಲಿಗೆ ಹಾಕಿದ. ಮುಂದಿನ ವಾರದಿಂದ ಬಟ್ಟೆಯ ಕೆಲಸವನ್ನೂ ನನಗೆ ಕೊಡತೊಡಗಿದ. ಶಿಕ್ಷೆ ಕೊಟ್ಟಿದ್ದರೆ ಹಗುರವಾಗುತ್ತಿತ್ತು.

ಎರಡು ವರ್ಷದ ಹಿಂದೆ ಅವನು ಹೋದ. ಊಟ ಮಾಡಿ ಗಲ್ಲಾದ ಹಿಂದಿನ ಹಲಗೆಯ ಮೇಲೆ ಅರ್ಧ ಗಂಟೆ ಮಲಗುವುದು ಅವನ ರೂಢಿ. ಆ ದಿನ ಅರ್ಧ ಗಂಟೆ ಕಳೆದರೂ ಏಳಲಿಲ್ಲ. ಸಲಾಲಾದ ಇನ್ನೊಂದು ಕೆಲಸ ಮುಗಿಸಿ ಬಂದಿದ್ದ, ದಣಿದಿದ್ದಾನೆ ಎಂದು ನಾನು ಸದ್ದಾಗದಂತೆ ಗಾಜು ಕತ್ತರಿಸುತ್ತಿದ್ದೆ. ಎಬ್ಬಿಸಲು ಮುಟ್ಟಿದಾಗ ಕೈ ತಣ್ಣಗಿತ್ತು. ದರ್ಜಿ, ಮಲಯಾಳಿ, ಕಫೀಲ್ ಎಲ್ಲರೂ ಓಡಾಡಿ ಕಾಗದಪತ್ರ ಮಾಡಿಸಿದರು. ನಾನು ಜೊತೆಗೆ ಹೋಗಿ ಊರಿಗೆ ತಲುಪಿಸಿ, ಅತ್ತಿಗೆಯ ಮುಂದೆ ಕೂತು, ತಿಂಗಳು ಬಿಟ್ಟು ಬಂದೆ.

ಅಂಗಡಿ ತೆರೆದ ವಾರ ಟೀಚರ್ ಬಂದರು. ಅವರ ಕಡೆಯ ಹಿರಿಯರು ತೀರಿಕೊಂಡವರ ಹೆಸರನ್ನು ಬಹುಕಾಲ ಬಾಯಲ್ಲಿ ಆಡುವುದಿಲ್ಲವಂತೆ. ಹಾಗಾಗಿ ಅಣ್ಣನ ಹೆಸರು ಹೇಳದೆಯೇ ಮಾತಾಡಿದರು. ಈ ಬರಹದಲ್ಲಿ ನಾನೂ ಅವನ ಹೆಸರು ಬರೆಯದಿರುವುದು ಅದಕ್ಕೇ. "ಕೇಳುವ ಮೊದಲೇ ತಪ್ಪು ಒಪ್ಪಿಕೊಂಡವರನ್ನು ನಾನು ಹೆಚ್ಚು ನೋಡಿಲ್ಲ. ನಿಮ್ಮ ಅಣ್ಣ ಅಂಥವರು" ಎಂದರು. ನಾನು ಅವರಿಗೆ ನಿಂಬೆ ಹಿಂಡಿದ ಕಪ್ಪು ಚಹಾ ತರಿಸಿಕೊಟ್ಟೆ. ನಿಜ ಹೇಳಲು ಎರಡನೆಯ ಸಲ ಅವಕಾಶ ಸಿಕ್ಕಾಗಲೂ ನನ್ನ ಬಾಯಿ ತೆರೆದದ್ದು ಸಕ್ಕರೆ ಸಾಕೇ ಎಂದು ಕೇಳಲು.

ಈ ವರ್ಷ ಟೀಚರ್ ಕೆಲಸ ಮುಗಿಸಿ ಊರಿಗೆ ಹೊರಟರು. ಚಿತ್ರವನ್ನು ತಂದು, ವಿಮಾನದಲ್ಲಿ ಹೋಗುವ ಹಾಗೆ ಮರದ ಪೆಟ್ಟಿಗೆ ಮಾಡಿಕೊಡಿ ಎಂದರು. ಅದು ದೊಡ್ಡಮ್ಮನ ಮನೆಗೇ ವಾಪಸು ಹೋಗುತ್ತದೆ. ಪೆಟ್ಟಿಗೆ ಸಿದ್ಧವಾದ ದಿನ ಕೈಗೆ ಪೆನ್ನು ಕೊಟ್ಟರು. ಚಿತ್ರಕ್ಕೆ ಏನೇನಾಯಿತು ಎಂಬುದು ಚಿತ್ರದ ಜೊತೆಗೇ ಹೋಗಬೇಕು, ಇಲ್ಲಿ ನಡೆದದ್ದನ್ನು ಹಿಂಬದಿಯಲ್ಲಿ ನಿಮ್ಮ ಭಾಷೆಯ ಅಕ್ಷರದಲ್ಲಿ ಬರೆಯಿರಿ, ಅಂಕಲ್ ಅಕ್ಷರವೂ ಅದೇ ಅಲ್ಲವೇ ಎಂದರು.

ಲಕೋಟೆಯ ಪಕ್ಕದಲ್ಲಿ ಬರೆದೆ. ನನ್ನ ಅಕ್ಷರ ಏಳನೆಯ ತರಗತಿಯಲ್ಲೇ ನಿಂತಿದೆ, ದೊಡ್ಡದು, ಸೊಟ್ಟ. ಅಂಚು ಕತ್ತರಿಸಿದ್ದು ತಮ್ಮ. ನಾಲ್ಕನೆಯದನ್ನು ಹಾಳು ಮಾಡಿದ್ದೂ ತಮ್ಮ. ಜೋಡಿಸಿದ್ದು ಅಣ್ಣ.

"ಏನು ಬರೆದಿರಿ? ಓದಿ" ಎಂದರು ಟೀಚರ್.

ಅಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ. ಏನು ಬೇಕಾದರೂ ಓದಬಹುದಿತ್ತು. ನನ್ನಲ್ಲಿದ್ದ ಇಂಗ್ಲಿಷನ್ನೆಲ್ಲ ಒಟ್ಟು ಮಾಡಿ ಇದ್ದದ್ದನ್ನೇ ಓದಿದೆ.

ಅವರು ನನ್ನನ್ನೇ ನೋಡಿದರು. ಬೈಗುಳಕ್ಕೆ ನಾನು ಸಿದ್ಧನಿದ್ದೆ. ಅವರು ಹೇಳಿದ್ದು ಬೇರೆ. "ಹಾಗಾದರೆ ಅಂಕಲ್ ನನಗೆ ಸುಳ್ಳು ಹೇಳಿದರು."

ಇಷ್ಟು ವರ್ಷ ಇದೊಂದು ನನಗೆ ಹೊಳೆದಿರಲಿಲ್ಲ. ನನ್ನ ಕೈ ತೊಳೆದ ನೀರು ಅವನ ಮೇಲೆ ಬಿದ್ದಿತ್ತು. ಅವನ ಬಗ್ಗೆ ಆ ಹೆಣ್ಣುಮಗಳು ಇಟ್ಟುಕೊಂಡಿದ್ದ ಒಂದು ಒಳ್ಳೆಯ ಮಾತನ್ನು ನಾನು ಮತ್ತೆ ಪಟ್ಟಿಯಿಟ್ಟು ಕೊಯ್ದ ಹಾಗಾಯಿತು.

"ಅದೊಂದೇ ಸುಳ್ಳು. ಅದನ್ನೂ ಹೇಳಿಸಿದ್ದು ನಾನು" ಎಂದೆ.

ಟೀಚರ್ ಚೌಕಟ್ಟನ್ನು ತಿರುಗಿಸಿ, ಕೆಳಗಿನ ಖಾಲಿ ಮರದ ಮೇಲೆ ಹೆಬ್ಬೆರಳನ್ನು ಈ ತುದಿಯಿಂದ ಆ ತುದಿಗೆ ಎಳೆದರು, ಅಣ್ಣ ಎಳೆಯುತ್ತಿದ್ದ ಹಾಗೆ. ಆಮೇಲೆ ಹಿಂಬದಿಯನ್ನು ಮತ್ತೆ ನನ್ನ ಕಡೆ ಮಾಡಿ, "ಅದನ್ನೂ ಬರೆಯಿರಿ" ಎಂದರು. ಬರೆದೆ. ಅಣ್ಣ ಸುಳ್ಳು ಹೇಳಿದ್ದು ತಮ್ಮನಿಗಾಗಿ. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಪೆಟ್ಟಿಗೆಗೆ ಮೊಳೆ ಹೊಡೆಯುವಾಗ ಇನ್ನೊಂದು ತುದಿಯನ್ನು ಅವರೇ ಹಿಡಿದುಕೊಂಡರು.

ಈಗ ಅಂಗಡಿ ನನ್ನ ಕೈಯಲ್ಲಿದೆ. ಬಟ್ಟೆಯ ಕೆಲಸ ಚೆನ್ನಾಗಿ ಮಾಡುತ್ತೇನೆ, ಅವಸರ ಮಾಡುವುದಿಲ್ಲ. ಎರಡು ಪ್ರಶ್ನೆಗಳನ್ನು ಎಲ್ಲರಿಗೂ ಕೇಳುತ್ತೇನೆ, ಲಕೋಟೆಗಳ ಕಟ್ಟು ಯಾವಾಗಲೂ ಮೇಜಿನ ಮೇಲಿರುತ್ತದೆ. ನನ್ನ ಉಗುರು ಸೀಳಿಲ್ಲ, ಆದರೂ ಮೂಲೆಯ ಮೇಲೆ ಎಳೆದು ನೋಡುತ್ತೇನೆ.

ಕಳೆದ ತಿಂಗಳು ಟೀಚರ್ ಫೋನಿಗೆ ಒಂದು ಫೋಟೋ ಕಳಿಸಿದರು. ಬೆಳ್ಳಗಿನ ಕೂದಲಿನ ಹೆಂಗಸೊಬ್ಬರು ಚೌಕಟ್ಟನ್ನು ಬೆನ್ನು ಮೇಲೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡಿದ್ದಾರೆ. ಲಕೋಟೆ ತೆರೆದಿದೆ. ಪಾಲಿಶ್ ಹತ್ತಿದ ತುಂಡು ಅವರ ಅಂಗೈಯಲ್ಲಿದೆ. ಇನ್ನೊಂದು ಕೈಯ ಬೆರಳು ನನ್ನ ಸೊಟ್ಟ ಅಕ್ಷರಗಳ ಮೇಲಿದೆ. ಕೆಳಗೆ ಟೀಚರ್ ಬರೆದಿದ್ದರು, ದೊಡ್ಡಮ್ಮ ಕೇಳುತ್ತಿದ್ದಾರೆ, ಈ ಬರಹದ ಮೇಲು ಯಾವುದು, ಮುಗಿಯುವುದು ಎಲ್ಲಿ?

ಅಣ್ಣ ಎಂದೂ ಕಾಣದ ಮುದುಕಿ ಅವರು. ಫೋನನ್ನು ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ಹೊರಗೆ ನಿಂತೆ. ದರ್ಜಿ ಏನಾಯ್ತು ಮಾರಾಯ ಎಂದ, ಏನಿಲ್ಲ ಎಂದೆ.

ಫೋಟೋದ ಮೇಲೆ ಬಾಣ ಹಾಕಿ ಮೇಲು ಯಾವುದೆಂದು ತೋರಿಸಿದೆ. ಎರಡನೆಯದಕ್ಕೆ, ಇನ್ನೂ ಮುಗಿದಿಲ್ಲ, ಕೆಳಗೆ ಜಾಗ ಬಿಟ್ಟಿದ್ದೇನೆ ಎಂದು ಬರೆದೆ.